ಫಕ್ಕೀರಪ್ಪನವರ ಬಲಗಿವಿ

ನಾನು ಒಂದು ಆಂಜಿಯೋ ಯಂತ್ರ. ಕಡಲಾಚೆಯ ಕಾರ್ಖಾನೆಯಲ್ಲಿ ಹುಟ್ಟಿ, ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಬಂದಿಳಿದೆ. ಅರ್ಧಚಂದ್ರದಂಥ ನನ್ನ ತೋಳು ಮಲಗಿದವರ ಸುತ್ತ ತಿರುಗುತ್ತದೆ. ತೊಡೆಯ ಬಳಿ ಚುಚ್ಚಿ, ಶ್ಯಾವಿಗೆಯಷ್ಟು ಸಣ್ಣ ನಳಿಕೆಯನ್ನು ಕುತ್ತಿಗೆಯವರೆಗೆ ಏರಿಸಿ ಡೈ ಎಂಬ ದ್ರವ ಬಿಟ್ಟರೆ, ತಲೆಯೊಳಗೆ ರಕ್ತ ಹರಿಯುವ ದಾರಿಗಳೆಲ್ಲ ನನ್ನ ಪರದೆಯ ಮೇಲೆ ಕಪ್ಪು ಬೇರುಗಳಂತೆ ಮೂಡುತ್ತವೆ.

ನನ್ನನ್ನು ನಡೆಸುತ್ತಿದ್ದವರು ಡಾಕ್ಟರ್ ವಸುಂಧರಾ ಹೊಂಬಳ. ನನ್ನ ಕ್ಷ-ಕಿರಣ ತಡೆಯಲು ತೊಡುವ ಸೀಸದ ಅಂಗಿಯ ಭಾರಕ್ಕೆ ಅವರ ಹೆಗಲು ಜೋತುಬಿದ್ದಿತ್ತು. ನಾನು ತೆಗೆದ ಚಿತ್ರದ ಮುಂದೆ ತಾಸುಗಟ್ಟಲೆ ಕೂತು, ನಳಿಕೆ ಎಲ್ಲಿ ಹೊರಳಬೇಕು, ಎಲ್ಲಿ ನಿಲ್ಲಬೇಕು ಎಂದು ಬೆರಳಿನಿಂದ ದಾರಿ ಗುರುತಿಸುತ್ತಿದ್ದರು.

ಒಂದು ಮುಂಜಾನೆ ಫಕ್ಕೀರಪ್ಪ ಬಡಿಗೇರ ಅವರು ನನ್ನ ಮೇಜಿನ ಮೇಲೆ ಮಲಗಿದರು. ಹಾರ್ಮೋನಿಯಂಗಳಿಗೆ ಸ್ವರ ಕೂಡಿಸುವುದು ಅವರ ಕೆಲಸ. ಎಂಟು ತಿಂಗಳಿಂದ ಬಲಗಿವಿಯಲ್ಲಿ ಭುಸ್ ಭುಸ್ ಎಂಬ ಸಪ್ಪಳ, ನಾಡಿ ಬಡಿದಂತೆ. ತಾಳ ತಪ್ಪುವುದಿಲ್ಲ, ಶ್ರುತಿ ಮಾತ್ರ ಇಲ್ಲ ಎಂದು ನರ್ಸಿಗೆ ಹೇಳಿ ನಕ್ಕರು.

ಚಿತ್ರ ಮೂಡಿದಾಗ ವಸುಂಧರಾ ಪರದೆಯ ಹತ್ತಿರಕ್ಕೆ ಬಾಗಿದರು. ಕಿವಿಯ ಹಿಂದಿನ ಮೂಳೆಯ ಒಳಮಗ್ಗುಲಲ್ಲಿ, ರಕ್ತ ತರುವ ನಾಳ ರಕ್ತ ಒಯ್ಯುವ ನಾಳಕ್ಕೆ ನೇರವಾಗಿ ಕೂಡಿಕೊಂಡಿತ್ತು. ರಕ್ತ ಹಿಮ್ಮುಖವಾಗಿ ಮೆದುಳಿನತ್ತ ನುಗ್ಗುತ್ತಿತ್ತು. ಆ ಕೂಡಿಕೆಯನ್ನು ಅಂಟು ತುಂಬಿ ಮುಚ್ಚಲು ಒಂದೇ ದಾರಿಯಿತ್ತು. ಆ ದಾರಿಯಲ್ಲೇ ಒಳಗಿವಿಗೆ ಹೋಗುವ ಕೂದಲಿನಂಥ ರಕ್ತನಾಳದ ಎಳೆಯೊಂದು ಕವಲೊಡೆದಿತ್ತು; ಅಂಟು ಅದಕ್ಕೂ ಹೊಕ್ಕರೆ ಕಿವಿ ಹೋದಂತೆ. ಅದನ್ನು ತೋರಿಸಿದ್ದು ನಾನೇ.

"ಮುಚ್ಚಿದ್ರ ಬಲಗಿವಿ ಕೇಳದಂಗ ಆಗಬಹುದು, ಮಾಸ್ತರ. ಹಂಗ ಬಿಟ್ರ ತಲ್ಯಾಗ ನರ ಒಡೀತೈತಿ," ಎಂದರು ವಸುಂಧರಾ.

ಫಕ್ಕೀರಪ್ಪನವರು ಬಲಗಿವಿಯನ್ನು ಮುಟ್ಟಿಕೊಂಡರು. "ನಾ ಸ್ವರ ಹಿಡಿಯೋದು ಬಲಗಿವೀಲೇರಿ, ಬಾಯಾರ. ಅದ ಹೋದ್ರ ಮನ್ಯಾಗ ಕುಂತು ಏನ ಮಾಡ್ಲಿ?"

ಸಂಗೀತ ಶಾಲೆಯೊಂದರ ಹನ್ನೊಂದು ಹಾರ್ಮೋನಿಯಂ ಪೆಟ್ಟಿಗೆಗಳು ಮನೆಯಲ್ಲಿ ಬಿಚ್ಚಿಕೊಂಡು ಬಿದ್ದಿವೆ, ಅವನ್ನು ಮುಗಿಸಿ ಬರುತ್ತೇನೆ ಎಂದರು. ಆ ನರ ಎಷ್ಟು ದಿನ ತಡೆದೀತೆಂದು ತಾನು ಹೇಳಲಾರೆ ಎಂದು ವಸುಂಧರಾ ಎರಡೆರಡು ಸಲ ಹೇಳಿದರು. ಫಕ್ಕೀರಪ್ಪನವರು ಕೈಮುಗಿದು ಹೋದರು.

ಮೂರನೆಯ ವಾರ ಅವರನ್ನು ಸ್ಟ್ರೆಚರಿನ ಮೇಲೆ ತಂದರು. ಒಂಬತ್ತನೆಯ ಪೆಟ್ಟಿಗೆಯ ಮುಂದೆ ಕೂತಲ್ಲೇ ವಾಂತಿ ಮಾಡಿಕೊಂಡು ಉರುಳಿದ್ದರಂತೆ. ಈ ಸಲ ಅವರಿಗೆ ಮಾತಿರಲಿಲ್ಲ. ವಸುಂಧರಾ ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಆಗಲೇ ಗುರುತಿಸಿದ್ದ ದಾರಿಯಲ್ಲೇ ನಳಿಕೆ ನಡೆಸಿದರು. ಅಂಟು ಹನಿಹನಿಯಾಗಿ ಇಳಿಯಿತು. ಕೊನೆಯ ಚಿತ್ರ ತೆಗೆದೆ. ಅಷ್ಟು ಸ್ವಚ್ಛವಾದ ಚಿತ್ರವನ್ನು ನಾನು ಮತ್ತೆಂದೂ ತೆಗೆಯಲಿಲ್ಲ. ಆ ಕೂದಲೆಳೆಯೂ ಉಳಿದಿತ್ತು.

ಐದು ದಿನ ಅವರು ಕಣ್ಣು ತೆರೆಯಲಿಲ್ಲ. ಐದನೆಯ ದಿನ ಅವರ ಹೆಂಡತಿ ನೀಲವ್ವನನ್ನು ವಸುಂಧರಾ ಪರದೆಯ ಮುಂದೆ ಕೂರಿಸಿ ಎರಡೂ ಚಿತ್ರ ತೋರಿಸಿದರು.

"ಈಗ ಎಲ್ಲಾ ಮುಚ್ಚೇತೇನ್ರಿ?" ಎಂದು ನೀಲವ್ವ ಕೇಳಿದಳು.

"ಮುಚ್ಚೇತವ್ವಾ."

"ಮತ್ಯಾಕ ಏಳವಲ್ರು?"

ವಸುಂಧರಾ ಪರದೆ ಆರಿಸಿದರು. ಒಡೆದ ನರದ ನೆತ್ತರು ತಲೆಯೊಳಗೆ ಹಾಳುಮಾಡಿದ್ದನ್ನು ಮುಚ್ಚುವ ಅಂಟು ಯಾರ ಬಳಿಯೂ ಇರಲಿಲ್ಲ. ಸಂಜೆಗೆ ಫಕ್ಕೀರಪ್ಪನವರ ಉಸಿರು ನಿಂತಿತು.

ಆಮೇಲೂ ಏಳು ವರ್ಷ ದುಡಿದೆ. ಕೆಲವರು ನಡೆದುಕೊಂಡು ಮನೆಗೆ ಹೋದರು. ಅವರ ಮುಖಗಳು ನನಗೆ ನೆನಪಾಗುವುದಿಲ್ಲ. ನನ್ನ ಚಿತ್ರಗಳು ಮಸುಕಾದವು, ಹೊಸ ಯಂತ್ರ ಬಂತು. ಈಗ ಹಿತ್ತಲ ಶೆಡ್ಡಿನಲ್ಲಿ, ಮುರಿದ ಮಂಚಗಳ ನಡುವೆ ಇದ್ದೇನೆ. ನನ್ನ ತಾಮ್ರ, ಸೀಸ ಕಿತ್ತುಕೊಳ್ಳುವವರು ಬರುತ್ತಾರಂತೆ, ಬರಲಿ. ಆ ಮುಂಜಾನೆ ಆ ಕೂದಲೆಳೆಯನ್ನು ನಾನು ಅಷ್ಟು ಸ್ಪಷ್ಟವಾಗಿ ತೋರಿಸದೇ ಹೋಗಿದ್ದರೆ, ಫಕ್ಕೀರಪ್ಪನವರು ಕಿವಿಯ ಭಯವಿಲ್ಲದೆ ಮರುದಿನವೇ ಒಪ್ಪಿ ಮಲಗುತ್ತಿದ್ದರು.