ಓಡಿದ ಕಾಲು

ಬಿಸಿಲು ಪಾದಕ್ಕೆ ಬಂತು, ಬಿಸಿಯಾಗುತ್ತಿದೆ, ಎಳೆದುಕೋ ಜಯಂತಿ ಎಂದು ನನಗೆ ನಾನೇ ಹೇಳಿ ಆಯಿತು, ಪಾದ ಹೊರಟಿದೆ, ಹೊರಟಿದೆ ಅಷ್ಟೆ, ಇನ್ನೂ ಬಂದಿಲ್ಲ — ಇದೇ ಕಾಲು ಅಘನಾಶಿನಿ ಹೊಳೆಯ ನೀರಿಳಿತದಲ್ಲಿ ಮೊಣಕಾಲುದ್ದದ ಕೆಸರು ತುಳಿದು, ಎಲ್ಲರಿಗಿಂತ ಮೊದಲು ಬಳಚಿನ ಚಿಪ್ಪು ಹೆಕ್ಕಿ ಬುಟ್ಟಿ ತುಂಬಿಸಿ ದಡ ಹತ್ತುತ್ತಿತ್ತು, ಜೊತೆಗಾತಿ ಗಂಗೆ ಹಿಂದಿನಿಂದ ಕೂಗುವಳು, ನಿಲ್ಲೇ ಮಾರಾಯ್ತಿ, ಯಾರು ಬೆನ್ನಟ್ಟಿದ್ರು ನಿನ್ನ — ಪಾರ್ಕಿನ್ಸನ್ ಎಂದರು ಕುಮಟೆಯ ಡಾಕ್ಟರು, ಕೈಕಾಲಲ್ಲಿ ಬಲ ಇದೆ ಅಮ್ಮಾ, ಆದರೆ ಪ್ರತಿಸಲ ಏಳುವಾಗ, ಕೈ ಚಾಚುವಾಗ, ಇದಕ್ಕೆ ಇಷ್ಟೊಂದು ಶ್ರಮ ಯಾಕೆ ಅಂತ ಮಿದುಳು ಹಿಂಜರಿಯುತ್ತದೆ, ನಿಮಗೆ ಗೊತ್ತಾಗದ ಹಾಗೆ ನಿಧಾನ ಮಾಡಿಬಿಡುತ್ತದೆ, ನಾನು ತಲೆಯಾಡಿಸಿದೆ, ಆಡಿಸುವಷ್ಟರಲ್ಲಿ ಅವರು ಮುಂದಿನವರನ್ನು ಕರೆದಿದ್ದರು.

ಹೋದ ತಿಂಗಳು ತದಡಿಯ ಧಕ್ಕೆಗೆ ನಮ್ಮ ಯಜಮಾನರ ಬೋಟು ಬಂದಿತ್ತು, ಅಜ್ಜಾ ಎನ್ನುತ್ತ ಮೊಮ್ಮಗಳು ಅರ್ಚಿತಾ ನೀರಿನ ಅಂಚಿಗೆ ಓಡಿದಳು, ಸೊಸೆ ಪೂರ್ಣಿಮಾ ಕೂಗುವುದರೊಳಗೆ ನಾನು ಓಡಿದ್ದೆ, ಫ್ರಾಕು ಹಿಡಿದು ಎಳೆದಿದ್ದೆ, ಹೇಗೆ, ಗೊತ್ತಿಲ್ಲ, ಹೆದರಿಕೆಯೇ ಕಾಲನ್ನು ಎತ್ತಿಕೊಂಡು ಹೋಯಿತು, ಆಮೇಲೆ ಕಾಲು ಏಳದೆ ಅಲ್ಲೇ ನಿಂತುಬಿಟ್ಟೆ, ಮನೆಗೆ ರಿಕ್ಷಾದಲ್ಲಿ ತಂದರು. ಅತ್ತೆ, ಓಡೂಕಾತದೆ, ಎರಡು ತಟ್ಟೆ ತೊಳೂಕಾಗೂದಿಲ್ವ ಎಂದಳು ಪೂರ್ಣಿಮಾ, ಸಿಟ್ಟಿಲ್ಲದೆ, ಆ ಮಾತು ನನ್ನೊಳಗೂ ಹೊಕ್ಕು ಕೂತಿದೆ, ನಾನು ಸೋಗು ಹಾಕುತ್ತಿದ್ದೇನೆಯೇ, ನನಗೇ ತಿಳಿಯದೆ — ಇವರಿಗೆ ಮಾತ್ರ ಆಸೆ ಹುಟ್ಟಿತು, ಪಾಪ, ಮರುದಿನ ಬೆಳಿಗ್ಗೆ ಅಂಗಳದಿಂದ ಕೂಗಿದರು, ಜಯಂತಿ, ಹುಡ್ಗಿ ಬಿತ್ತು, ನಾನು ಎದ್ದು ಓಡಿದೆ, ಹುಡುಗಿ ಮೆಟ್ಟಿಲ ಮೇಲೆ ಬಿಸ್ಕೆಟ್ ತಿನ್ನುತ್ತಿತ್ತು, ಇವರ ಕಣ್ಣಲ್ಲಿ ನೀರು, ನೋಡು, ಬಂತಲ್ಲ ಕಾಲು, ನಾನು ಬೈಯಲಿಲ್ಲ, ನನಗೂ ಆಸೆಯಾಗಿತ್ತು. ಅಂದಿನಿಂದ ದಿನಾ ಕೂಗು, ದಿನಾ ಕಾಲು ಇನ್ನಷ್ಟು ತಡ, ಸುಳ್ಳೆಂದು ನನಗಿಂತ ಮೊದಲು ಅದಕ್ಕೆ ತಿಳಿಯುತ್ತದೆ, ನಿನ್ನೆ ಏಳಲೇ ಇಲ್ಲ, ಹೆದರು, ಹೆದರು ಎಂದು ನೀರಲ್ಲಿ ಮುಳುಗುವ ಮಗುವನ್ನು ನೆನೆದುಕೊಂಡೆ, ಬರೇ ಬೆವರಿದೆ — ಇಂದು ಇವರು ಮಗುವಿಗೇ ಬೀಳುವ ಆಟ ಹೇಳಿಕೊಟ್ಟಿದ್ದಾರೆ, ಜಯಂತಿ, ಹುಡ್ಗಿ ಬಿತ್ತು, ಕೂಗುತ್ತಲೇ ಇದ್ದಾರೆ ಇವರು, ಬಾಗಿಲಾಚೆ ಅಂಗಳದಲ್ಲಿ ಅರ್ಚಿತಾ ಅಂಗಾತ ಮಲಗಿದ್ದಾಳೆ, ಕೈಕಾಲು ಚೆಲ್ಲಿ, ಏಳಬೇಕು, ಏಳು ಜಯಂತಿ, ಕಾಲು ಕದಲುತ್ತಿಲ್ಲ, ಅವಳು ಮಲಗಿಯೇ ಇದ್ದಾಳೆ, ಒಂದು ಕಣ್ಣು ತೆರೆದು ನೋಡುತ್ತಿದ್ದಾಳೆ, ಅಜ್ಜಿ ಬಂದಳಾ ಎಂದು, ಮುಚ್ಚಿದಳು, ಮತ್ತೆ ತೆರೆದಳು, ಒಂದು ಕಣ್ಣು, ಮುಚ್ಚಿದಳು, ತೆರೆದಳು, ಒಂದು ಕಣ್ಣು —