ಹದಿನೆಂಟು ಗಂಟೆಯ ಹಾಲು

ಯಮುನಾ ಬರುವ ದಿನ ಚಿತ್ತಮ್ಮ ಅವಳ ಮೇಲೆ ಸಿಟ್ಟಾಗಿಯೇ ಇರಬೇಕೆಂದು ತೀರ್ಮಾನಿಸಿ ಬಾಗಿಲಲ್ಲಿ ನಿಂತಿದ್ದಳು. ಆದರೆ ಬಂದವಳು ಸಿಟ್ಟಿಗೆ ಆಸ್ಪದ ಕೊಡುವ ಹೆಂಗಸಲ್ಲ. ಕಾರಿನಿಂದ ಇಳಿದವಳೇ ಅತ್ತೆ ವೀರಮ್ಮನ ಕಾಲು ಮುಟ್ಟಿ, ಚಿತ್ತಮ್ಮನ ಕಡೆ ತಿರುಗಿ, "ಅಕ್ಕ, ಕೈ ತೊಳ್ಕಂಡು ಬರ್ತೀನಿ, ಆಮ್ಯಾಲೆ ಮಗು ಮುಟ್ತೀನಿ" ಅಂದಳು. ಹೊಸದುರ್ಗದ ಕಡೆಯ ಹುಡುಗಿ, ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಚಿತ್ತಮ್ಮನ ಮೈದುನ ಗಿರೀಶನಿಗೂ ಅಲ್ಲೇ ಅದೇ ಕೆಲಸ. ಆರು ತಿಂಗಳ ಹಿಂದೆ ಇಬ್ಬರಿಗೂ ಮದುವೆಯಾಗಿತ್ತು. ಗಿರೀಶನಿಗೆ ರಜೆ ಸಿಗದೆ, ಅವನ ಮೊದಲ ಹೆಂಡತಿಯ ಮಗಳನ್ನು ಕರೆದೊಯ್ಯಲು ಇವಳೊಬ್ಬಳೇ ಬಂದಿದ್ದಳು.

ಮಗುವಿನ ಹೆಸರು ಇಂಚರ, ಬರುವ ತಿಂಗಳಿಗೆ ಎರಡು ತುಂಬುತ್ತದೆ. ಹೆತ್ತವಳು ರಂಜಿತಾ ಹೆರಿಗೆಯಾದ ಮೂರನೇ ದಿನಕ್ಕೆ ತೀರಿಕೊಂಡಳು. ಅದೇ ವಾರ ಚಿತ್ತಮ್ಮನ ಗಂಡುಕೂಸು ಹನ್ನೊಂದು ದಿನ ಬದುಕಿ ಕಣ್ಣು ಮುಚ್ಚಿತ್ತು. ಮದುವೆಯಾದ ಒಂಬತ್ತು ವರ್ಷಕ್ಕೆ ಹುಟ್ಟಿದ ಕೂಸು. ಹಾಲು ಬತ್ತಲೆಂದು ವೀರಮ್ಮ ಸೊಸೆಯ ಎದೆಗೆ ಮಲ್ಲಿಗೆ ಹೂ ಕಟ್ಟಿದ್ದಳು. ಗಿರೀಶ ಟವೆಲ್ಲಿನಲ್ಲಿ ಸುತ್ತಿದ ಮಗಳನ್ನು ತಂದು ಅತ್ತಿಗೆಯ ಮುಂದೆ ಕೂತ. ಚಿತ್ತಮ್ಮ ತಾನೇ ಹೂ ಬಿಚ್ಚಿ ಮಗುವನ್ನು ತೆಗೆದುಕೊಂಡಳು. ಅವತ್ತಿನಿಂದ ಇಂಚರ ಕಾಗದದಲ್ಲಿ ಮಾತ್ರ ಗಿರೀಶನ ಮಗಳು.

ಯಮುನಾಳಿಗಿದ್ದದ್ದು ಹದಿನೈದು ದಿನದ ರಜೆ. ಬೆಂಗಳೂರಿನಿಂದ ಒಂದು ವಿಮಾನ, ನಡುವೆ ಇಳಿದು ಕಾಯುವುದು, ಆಮೇಲೆ ಇನ್ನೊಂದು. ಎಲ್ಲ ಸೇರಿ ಹದಿನೆಂಟು ಗಂಟೆ. ಅವಳು ಸೂಟ್‌ಕೇಸ್ ಬಿಚ್ಚಿ ಹಾಲಿನ ಪುಡಿಯ ಡಬ್ಬಿ, ಫ್ಲಾಸ್ಕು, ಮೂತಿಯಿರುವ ಮೂರು ಬಗೆಯ ಲೋಟ, ತಿಂಡಿ ಹಾಕುವ ಪುಟ್ಟ ಡಬ್ಬಿಗಳನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಇಟ್ಟಳು. ಚಿತ್ತಮ್ಮನ ಗಂಡ ಎತ್ತಪ್ಪ ಕುರಿ ಹೊಡೆದುಕೊಂಡು ಬಂದವನು ಅದನ್ನು ನೋಡಿ, "ಇದೇನವ್ವ, ಕೂಸು ಊರಿಗೆ ಹೋಗದೋ, ದಂಡಿಗೆ ಹೋಗದೋ" ಅಂದ.

"ಭಾವ, ವಿಮಾನ ಏರೋವಾಗ ಇಳಿಯೋವಾಗ ಕಿವಿ ಕಟ್ಕಂತಾವೆ" ಅಂದಳು ಯಮುನಾ. "ದೊಡ್ಡೋರು ಎಂಜಲು ನುಂಗಿ ಸರಿ ಮಾಡ್ಕಂತೀವಿ. ಮಕ್ಕಳಿಗೆ ಅದು ತಿಳಿಯಲ್ಲ. ಏನಾದ್ರೂ ಕುಡೀತಾ ಇರಬೇಕು. ಇಲ್ಲಾಂದ್ರೆ ನೋವು ತಡೀಲಾರದೆ ಕಿರುಚ್ತಾವೆ."

ಇಂಚರ ಅಂಬಲಿ ಕುಡಿಯುತ್ತಿದ್ದಳು, ಅನ್ನ ಸಾರು ತಿನ್ನುತ್ತಿದ್ದಳು. ಹಾಲು ಮಾತ್ರ ಚಿತ್ತಮ್ಮನ ಎದೆಯದೇ ಆಗಬೇಕು. ನಿದ್ದೆ ಬಂದರೂ ಅದೇ, ಬಿದ್ದು ಮೊಣಕಾಲು ತರಚಿದರೂ ಅದೇ. ಒಂದು ವಾರ ಯಮುನಾ ಲೋಟ ಹಿಡಿದು ಮಗುವಿನ ಹಿಂದೆ ತಿರುಗಿದಳು, ಹಾಡಿದಳು, ನಾಯಿಯಂತೆ ಬೊಗಳಿಯೂ ತೋರಿಸಿದಳು. ಮಗು ನಗುತ್ತಿತ್ತು. ಲೋಟ ಹತ್ತಿರ ಬಂದರೆ ಮಾತ್ರ ಜಪ್ಪಯ್ಯ ಅಂದರೂ ಬಾಯಿ ತೆರೆಯುತ್ತಿರಲಿಲ್ಲ.

ಕಾರಣ ಚಿತ್ತಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಇನ್ನು ಮೇಲೆ ಎದೆಗೆ ಹಾಕಿಕೊಳ್ಳುವುದಿಲ್ಲವೆಂದು ವಾರಗಿತ್ತಿಗೆ ಮಾತು ಕೊಟ್ಟಿದ್ದ ಈ ಮಹಾತಾಯಿ, ಬೆಳಗಾದರೆ ಹಿಕ್ಕೆ ಗುಡಿಸುವ ನೆಪದಲ್ಲಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಕುರಿರೊಪ್ಪಕ್ಕೆ ಹೋಗಿ, ಬೇಲಿಯ ಮರೆಯಲ್ಲಿ ಹೊಟ್ಟೆ ತುಂಬ ಕುಡಿಸಿ ತರುತ್ತಿದ್ದಳು. ಸಂಜೆಯೂ ಅದೇ ಕತೆ. ಮಗು ಒಗ್ಗದೆ ಹೋದರೆ ಇವಳು ಸೋತು, ಇನ್ನೊಂದು ವರ್ಷ ಇಲ್ಲೇ ಇರಲಿ ಎಂದು ಬಿಟ್ಟು ಹೋದಾಳೆಂಬ ಆಸೆ. ಅದನ್ನು ಗಂಡನ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಎಂಟನೇ ದಿನ ಬೆಳಿಗ್ಗೆ ಯಮುನಾ ರೊಪ್ಪಕ್ಕೆ ಬಂದಳು. ಚಿತ್ತಮ್ಮ ಸೆರಗು ಎಳೆದುಕೊಳ್ಳುವಷ್ಟರಲ್ಲಿ ನೋಡಿಯೂ ಆಗಿತ್ತು. ಬೈಯುತ್ತಾಳೇನೋ ಎಂದು ಚಿತ್ತಮ್ಮ ಜಗಳಕ್ಕೆ ತಯಾರಾಗಿಯೇ ಕೂತಳು, ನಾಲಿಗೆಯ ತುದಿಯಲ್ಲಿ ನಾಲ್ಕು ಮಾತು ಇಟ್ಟುಕೊಂಡಿದ್ದಳು. ಯಮುನಾ ಹಿಕ್ಕೆಯ ನೆಲದ ಮೇಲೇ ಎದುರಿಗೆ ಕೂತು, ಮಗು ಕುಡಿದು ಮುಗಿಸುವವರೆಗೂ ಕಾದಳು.

"ಅಕ್ಕ, ನಾನು ಅಮ್ಮ ಆಗ್ತೀನೋ ಬಿಡ್ತೀನೋ, ಅದು ಮುಂದಿನ ಮಾತು" ಅಂದಳು ಕೊನೆಗೆ. "ಟಿಕೆಟ್ ಆಗೈತೆ, ಹೋಗೋದು ತಪ್ಪಲ್ಲ. ಅವತ್ತು ಕಿವಿ ನೋವಿಗೆ ಅಳೋಳು ನಾನಲ್ಲ, ನೀವೂ ಅಲ್ಲ. ಇವಳು ಒಬ್ಬಳೇ ಅಳ್ಬೇಕು. ನಿಮ್ಮ ಕಡೆ ಎಳ್ಕಂಡ್ರೆ ನೋವು ತಿನ್ನೋಳು ಇವಳು."

ಆಕಾಶದಲ್ಲಿ ಎಲ್ಲೋ ಮಗು ಎರಡು ಕಿವಿ ಹಿಡಿದುಕೊಂಡು ಕಿರುಚುವುದು ಚಿತ್ತಮ್ಮನ ಕಣ್ಣಿಗೆ ಕಟ್ಟಿತು. ಅದರ ಬಾಯಿಗೆ ಕೊಡಲು ಆಗ ತಾನು ಇರುವುದಿಲ್ಲ. ತನಗೆ ನಾಚಿಕೆಯಾಯಿತೆಂದು ಅವಳೇ ಆಮೇಲೆ ಗಂಡನ ಹತ್ತಿರ ಹೇಳಿಕೊಂಡಳು.

ವೀರಮ್ಮ ಬೇವಿನಸೊಪ್ಪು ಅರೆದು ಎದೆಗೆ ಹಚ್ಚಿಕೋ ಅಂದಳು. ಹಟ್ಟಿಯಲ್ಲಿ ಎಲ್ಲರೂ ಹಾಲು ಬಿಡಿಸುವುದು ಹಾಗೆಯೇ. ಚಿತ್ತಮ್ಮ ಒಪ್ಪಲಿಲ್ಲ. "ಎಲ್ಡು ವರ್ಸ ಸಿಹಿ ಕೊಟ್ಟು, ಕಡೀಗೆ ಕಹಿ ತಿನ್ಸಿ ಕಳಿಸ್ಲಾ? ನನ್ ಕೈಲಾಗಲ್ಲ" ಅಂದು ಅರೆಯುವ ಕಲ್ಲು ತೊಳೆದಿಟ್ಟಳು.

ಅವಳಿಗೆ ಗೊತ್ತಿದ್ದದ್ದು ಕುರಿಯವರ ದಾರಿ. ತಾಯಿ ಸತ್ತ ಮರಿಯನ್ನು ಇನ್ನೊಂದು ಕುರಿಗೆ ಹೊಂದಿಸಬೇಕಾದರೆ, ಆ ಕುರಿಯ ಹಾಲನ್ನೇ ಹಿಂಡಿ ಮರಿಯ ಮೈಗೆ ಸವರುತ್ತಾರೆ. ಕುರಿ ಮೂಸಿ ನೋಡಿ, ತನ್ನದೇ ಅಂದುಕೊಂಡು ಬಿಟ್ಟುಕೊಳ್ಳುತ್ತದೆ. ಮದುವೆಯಾಗಿ ಬಂದಾಗಿನಿಂದ ಎಷ್ಟು ಮರಿ ಹೊಂದಿಸಿದ್ದಾಳೋ ಲೆಕ್ಕವಿಲ್ಲ. ಇಲ್ಲಿ ಮೂಸಿ ಒಪ್ಪಬೇಕಾದದ್ದು ಮರಿ, ಅಷ್ಟೇ ವ್ಯತ್ಯಾಸ. ಅವತ್ತು ಮಧ್ಯಾಹ್ನ ಒಳಗೆ ಕೂತು ತನ್ನ ಹಾಲನ್ನು ಲೋಟಕ್ಕೆ ಹಿಂಡಿದಳು. ಅದರಲ್ಲಿ ನಾಲ್ಕು ಹನಿ ತೆಗೆದು ಯಮುನಾಳ ಕುತ್ತಿಗೆಗೆ, ಅಂಗೈಗೆ ಸವರಿದಳು. ತಾನು ಉಟ್ಟು ಬಿಟ್ಟ ಸೀರೆಯನ್ನೇ ಅವಳಿಗೆ ಉಡಿಸಿದಳು.

"ಈಗ ಕುಡಿಸು. ನಾನು ಎದುರಿಗೆ ಇರಲ್ಲ."

ಬಾಗಿಲ ಹಿಂದೆ ನಿಂತು ಕಿವಿಗೊಟ್ಟಳು. ಮಗು ಕೊಸರಾಡಿತು, ಸ್ವಲ್ಪ ಅತ್ತಿತು, ಆಮೇಲೆ ಸುಮ್ಮನಾಯಿತು. ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿಸಿತು. ಚಿತ್ತಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬೇಡಿಕೊಂಡದ್ದು ಆಗಿತ್ತು, ಆದದ್ದಕ್ಕೇ ಎದೆ ಒಡೆಯುತ್ತಿತ್ತು.

ಮರುದಿನ ಆ ಹಾಲಿಗೆ ಒಂದು ಚಮಚ ಪುಡಿಯ ಹಾಲು ಬೆರೆಸಿದರು. ಅದರ ಮರುದಿನ ಅರ್ಧಕ್ಕರ್ಧ. ಹದಿಮೂರನೇ ದಿನ ಲೋಟದ ತುಂಬ ಪುಡಿಯ ಹಾಲೇ ಇತ್ತು, ಯಮುನಾ ತನ್ನ ಚೂಡಿದಾರದಲ್ಲೇ ಇದ್ದಳು. ಇಂಚರ ಅವಳ ತೊಡೆಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತ ಖಾಲಿ ಮಾಡಿದಳು. ಚಿತ್ತಮ್ಮನನ್ನು ಕಂಡರೆ ಈಗಲೂ "ಅವ್ವ" ಎಂದು ಓಡಿ ಬರುತ್ತಿದ್ದಳು, ಆದರೆ ಸೆರಗು ಎಳೆಯುತ್ತಿರಲಿಲ್ಲ.

ಹಾಲು ಕಟ್ಟಿ ಎದೆ ಕಲ್ಲಾಗಿ ಜ್ವರ ಬಂದಂತಾಗುತ್ತಿದ್ದರೂ ಚಿತ್ತಮ್ಮ ತಿಂಡಿ ಮಾಡಲು ಕೂತಳು. ಮೊಳಕೆ ಕಟ್ಟಿ ಒಣಗಿಸಿದ ರಾಗಿಯನ್ನು ಹುರಿದು ಬೀಸಿ ಹಿಟ್ಟು ಮಾಡಿದಳು. ಹುರಿಗಡಲೆ ಬೆಲ್ಲ ಕುಟ್ಟಿ ಬಾಯಲ್ಲಿ ಕರಗುವಂತೆ ತಂಬಿಟ್ಟು ಕಟ್ಟಿದಳು. ಮಂಡಕ್ಕಿ ಆರಿಸಿ ಒಂದು ಡಬ್ಬಿಗೆ ತುಂಬಿದಳು. "ಮಂಡಕ್ಕಿ ಬೆರಳಲ್ಲಿ ಹಿಡಿದು ಕೊಡಬ್ಯಾಡ ಕಣಮ್ಮ, ಅಂಗೈ ಮ್ಯಾಲೆ ಇಡು. ಮರಿ ಹಂಗೆ ಬಾಯಿಂದ್ಲೇ ಎತ್ಕಂತಾಳೆ" ಅಂದಳು. ಯಮುನಾ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡಳು. ಬರೆದುಕೊಳ್ಳುವಷ್ಟು ಇನ್ನೂ ಏನೇನೋ ಇತ್ತು, ಹೇಳುತ್ತ ಹೋದರೆ ಮುಗಿಯುತ್ತಿರಲಿಲ್ಲ.

ಹೊರಡುವ ದಿನ ಕಾರು ಬಾಗಿಲಿಗೆ ಬಂದಾಗ ಚಿತ್ತಮ್ಮ ಒಂದು ಲೋಟ ತಂದು ಯಮುನಾಳ ಕೈಗಿತ್ತಳು.

"ನಂದೇ" ಅಂದಳು. "ಕೊನೇ ಸಲ."

"ಬಿಸಿಲೈತೆ ಅಕ್ಕ, ವಿಮಾನದ ತನ್ಕ ಕೆಡದೆ ಇರಲ್ಲ."

"ವಿಮಾನಕ್ಕೆ ನಿನ್ನ ಪುಡಿ ಐತಲ್ಲ. ಇದನ್ನ ಹಿರಿಯೂರು ಮುಟ್ಟೋದ್ರೊಳಗೆ ಕುಡಿಸ್ಬಿಡು."

ಯಮುನಾ ಲೋಟ ತೆಗೆದುಕೊಂಡಳು. ಇಂಚರ ಅವಳ ಕಂಕುಳಿಗೆ ತಾನಾಗಿಯೇ ಹೋಗಿ, ಕಾರಿನ ಕಿಟಕಿಯಿಂದ ಕುರಿಗಳಿಗೂ ಅಜ್ಜಿಗೂ ಅವ್ವನಿಗೂ ಒಂದೇ ಸಮ ಟಾಟಾ ಮಾಡಿದಳು. ಸಂಜೆಗೆ ಬಂದುಬಿಡುವವರ ಟಾಟಾ ಅದು. ಕಾರು ತಾಳ್ಯದ ರಸ್ತೆಗೆ ತಿರುಗುವವರೆಗೂ ಚಿತ್ತಮ್ಮ ನಗುತ್ತಲೇ ನಿಂತಿದ್ದಳು. ಮಗು ಹೆದರಬಾರದಲ್ಲ. ಮೂರು ಗಂಟೆ ಹೊತ್ತಿಗೆ ಗೋಡೆಯ ಗಡಿಯಾರ ನೋಡಿ, "ಈಗ ಹಿರಿಯೂರು ದಾಟಿರ್ತಾರೆ" ಅಂದಳು. ಎತ್ತಪ್ಪ ಹೂಂ ಅಂದ. ಆಮೇಲೆ ಅವಳು ಗಡಿಯಾರದ ಕಡೆ ನೋಡಲಿಲ್ಲ.

ಮರುದಿನ ಸಂಜೆ ಫೋನ್ ಬಂತು. ಎತ್ತಪ್ಪ ಸ್ಪೀಕರ್ ಹಾಕಿ ಜಗಲಿಯ ಮೇಲಿಟ್ಟ. ವೀರಮ್ಮನೂ ಬಂದು ಕೂತಳು.

"ಮುಟ್ಟಿದ್ವಿ ಅಕ್ಕ" ಅಂದಳು ಯಮುನಾ. ದಣಿದ ದನಿಯಲ್ಲೂ ಸಂತೋಷ ಕಾಣುತ್ತಿತ್ತು. "ನಿಮ್ಮ ಪುಣ್ಯ. ಏರೋವಾಗ ಒಂದು ಲೋಟ, ಇಳಿಯೋವಾಗ ಒಂದು ಲೋಟ, ಚಕಾರ ಎತ್ತದೆ ಕುಡಿದ್ಲು. ಮಂಡಕ್ಕಿ ಅರ್ಧ ಡಬ್ಬಿ ಖಾಲಿ. ಪಕ್ಕದ ಸೀಟಿನ ಮುದುಕಿ ಇಂಥ ಮಗೂನ ನೋಡೇ ಇಲ್ಲ ಅಂದ್ಲು. ಈಗ ಅವರಪ್ಪನ ಮೇಲೆ ಮಲಗೈತೆ."

"ನೋಡ್ದಾ, ನೀನು ಕಲಿಸಿದ್ದು" ಎಂದು ಎತ್ತಪ್ಪ ಹೆಂಡತಿಯ ಕಡೆ ತಿರುಗಿ ಹೆಮ್ಮೆಪಟ್ಟ. ವೀರಮ್ಮ ಕೈ ಮುಗಿದಳು.

ಚಿತ್ತಮ್ಮನಿಗೂ ಸಂತೋಷವಾಗಬೇಕಿತ್ತು, ಆಗಲಿಲ್ಲ. ಮಗು ಅಳಬಾರದೆಂದು ಒಂದು ವಾರ ಎದೆ ಬಿಗಿಹಿಡಿದು ಮಾಡಿದವಳಿಗೆ, ಆ ಹದಿನೆಂಟು ಗಂಟೆಯಲ್ಲಿ ಅದು ಒಂದೇ ಒಂದು ಸಲವಾದರೂ ತನಗಾಗಿ ಅತ್ತಿರಲಿ ಎಂಬ ಆಸೆ ಒಳಗೇ ಕೂತಿತ್ತು. ಇಂಥ ಆಸೆಗೆ ತನ್ನನ್ನು ತಾನೇ ಬೈದುಕೊಂಡಳು. ಆದರೂ ಫೋನಿನ ಹತ್ತಿರ ಬಗ್ಗಿ ಕೇಳಿದಳು.

"ಒಂದ್ ಸಲಾನೂ ಅಳ್ಲಿಲ್ವಾ?"

"ಇಲ್ಲ ಅಕ್ಕ, ಒಂದ್..." ಎಂದು ಶುರು ಮಾಡಿದ ಯಮುನಾ ಮಾತು ಅಲ್ಲೇ ನಿಲ್ಲಿಸಿದಳು. ಫೋನು ಕಟ್ಟಾಯಿತೇನೋ ಎಂದು ಎತ್ತಪ್ಪ ಕೈ ಚಾಚಿದ.

"ಅತ್ಲು ಅಕ್ಕ" ಅಂದಳು ಯಮುನಾ, ಈ ಸಲ ನಿಧಾನವಾಗಿ. "ನಿಮಗೆ ಬೇಜಾರಾಗ್ತೈತೆ ಅಂತ ಮೊದ್ಲು ಹೇಳ್ಲಿಲ್ಲ. ನಡುವೆ ಎದ್ದು ಅವ್ವ ಅವ್ವ ಅಂತ ಹುಡುಕಿದ್ಲು. ನಿಮ್ಮನ್ನೇ ಕೇಳಿದ್ಲು. ಸಮಾಧಾನ ಮಾಡಾಕೆ ಬಾಳ ಹೊತ್ತು ಹಿಡೀತು."

ಅದು ಸುಳ್ಳೆಂದು ಚಿತ್ತಮ್ಮನಿಗೆ ತಿಳಿಯದೆ ಇರಲಿಲ್ಲ. ಅವಳು ಫೋನನ್ನು ಕೈಗೆತ್ತಿಕೊಂಡು, ಸ್ಪೀಕರ್ ತೆಗೆಸಿ, ಕಿವಿಗೆ ಒತ್ತಿ ಹಿಡಿದುಕೊಂಡಳು.

"ಏನಂತ ಅತ್ಲು?" ಅಂದಳು. "ಇನ್ನೊಂದ್ ಸಲ ಹೇಳು."