ತುಟಿ ಕೂಡದ ಆಮೆ

ಅಗೋ ಪರದೆಯ ಮೇಲೆ ಕತ್ತು ಹೊರಗೆ ಹಾಕಿತು ಆಮೆಮರಿ, ಅಲೆ ಬಂದು ಮುಂಗಾಲು ನೆನೆಸುತ್ತಿದೆ, ಇನ್ನು ತಿರುಗಿ ನೋಡುತ್ತದೆ, ನನಗೆ ಬಾಯಿಪಾಠ — ಹೆಡ್‌ಫೋನು ಒತ್ತುತ್ತಿದೆ, ಮೊದಲೆಲ್ಲ ಹೀಗೆ ಒತ್ತುತ್ತಿರಲಿಲ್ಲ, ಕಿವಿಗೂ ವಯಸ್ಸಾಯಿತೋ ಏನೋ — ಕಾಡು, ಬೆಂಕಿ, ಬೆಟ್ಟ ಎಲ್ಲ ದಾಟಿಸಿ ಕೊಕ್ಕರೆ ಅದನ್ನು ಸಮುದ್ರಕ್ಕೆ ತಂದು ಬಿಟ್ಟಿದೆ, ಕಾರ್ಟೂನು ಕೊಕ್ಕರೆ, ಅದರ ದನಿ ಅಂದೂ ನನ್ನದೇ, ಇಂದೂ ನನ್ನದೇ, ಆಮೆಯ ದನಿ ಇವರದಾಗಿತ್ತು, ನನ್ನ ಯಜಮಾನರದು. ಆರಡಿ ಆಳು, ಆ ಗಂಟಲಿನಿಂದ ಆಮೆಮರಿ ಹೊರಡುತ್ತಿತ್ತು, ಆಮೆ ಎಲ್ಲಿ ಅಂತ ಮಕ್ಕಳು ಇವರ ಬೆನ್ನ ಹಿಂದೆ ಹುಡುಕುತ್ತಿದ್ದವು. ಹಳೇ ಟೇಪು ಹಾಳಾಗಿದೆ ಅಮ್ಮಾ, ಬರೀ ಗೊರಗೊರ ಅನ್ನತ್ತೆ, ಮೊದಲಿಂದ ಡಬ್ ಮಾಡಿಬಿಡೋಣ ಅಂದ ನಿರ್ದೇಶಕ, ಆಗಲಪ್ಪ ಅಂದೆ, ಅಂದ ಮೇಲೆ ಹೊಳೆಯಿತು, ಇವರು ತೀರಿಕೊಂಡ ಮೇಲೆ ಇವರ ದನಿ ಅಂತ ಉಳಿದಿದ್ದದ್ದು ಅದೊಂದೇ ಕಡೆ.

ಕೊನೆ ಅಂದರೆ ಹೀಗಿರಬೇಕು, ಮದುವೆಯಿಲ್ಲ, ವಾದ್ಯದ ಗದ್ದಲವಿಲ್ಲ, ಆಮೆ ಒಂದು ಮಾತು ಹೇಳಿ ನೀರಿಗಿಳಿಯುತ್ತದೆ, ಕೊಕ್ಕರೆ ಒಂದು ಮಾತು ಹೇಳಿ ನಿಲ್ಲುತ್ತದೆ, ಅಷ್ಟೇ, ಎಷ್ಟು ಸಲ ನೋಡಿದರೂ ಹೊಟ್ಟೆ ತುಂಬ ಉಂಡು ಎದ್ದ ಹಾಗೆ. ಅಂದು ಆಮೆಗೆ ಬರೆದುಕೊಟ್ಟಿದ್ದು ಹೋಗ್ತೀನಿ ಅಂತ, ಆಮೆಯ ಬಾಯಿ ದುಂಡಗೆ ತೆರೆಯುತ್ತದಲ್ಲ, ತುಟಿ ಕೂಡುವುದೇ ಇಲ್ಲ, ಅದಕ್ಕೆ ಸರಿಯಾಗಿ ಹೋ. ಇವರು ಬರ್ತೀನಿ ಅಂದುಬಿಟ್ಟರು. ತುಟಿ ಕೂಡದೆ ಬ ಎಲ್ಲಿಂದ ಬರತ್ತೆ ಸ್ವಾಮಿ, ಆಗಿನ ನಿರ್ದೇಶಕರು ತಲೆ ಚಚ್ಚಿಕೊಂಡರು, ಹೊರಡೋನು ಹೋಗ್ತೀನಿ ಅನ್ನೋದುಂಟೇನ್ರೀ, ನನ್ನ ನಾಲಿಗೆ ಹೊರಳಲ್ಲ, ಇವರು ಪಟ್ಟು ಬಿಡಲಿಲ್ಲ, ಕೊನೆಗೆ ಅದೇ ಉಳಿಯಿತು, ನೋಡಿದವರು ಯಾರೂ ತುಟಿ ನೋಡಲಿಲ್ಲ, ಮಕ್ಕಳು ಅಳದೆ ಮನೆಗೆ ಹೋದವು, ಅದು ವಾಪಸ್ ಬರತ್ತಂತೆ ಅಂತ. ಅಂಥ ಮನುಷ್ಯ ನನಗೆ ಹೋಗ್ತೀನಿ ಅಂದರು — ಲಕ್ವ ಹೊಡೆದ ಮೇಲೆ, ಆಸ್ಪತ್ರೆಯ ಗಾಲಿಮಂಚದಲ್ಲಿ ಒಳಗೆ ತಳ್ಳಿಕೊಂಡು ಹೋಗುವಾಗ, ನಾನು ಸಿಡುಕಿದೆ, ಬಿಡ್ತು ಅನ್ನಿ, ಎಂಥ ಮಾತದು, ಬರ್ತೀನಿ ಅನ್ನಿ, ಅನ್ನಲಿಲ್ಲ, ಬಾಗಿಲು ಮುಚ್ಚಿತು, ಮತ್ತೆ ತೆರೆದಾಗ ಇವರಿರಲಿಲ್ಲ. ಊರಿಗೆಲ್ಲ ಬರ್ತೀನಿ, ನನಗೆ ಮಾತ್ರ ಹೋಗ್ತೀನಿಯೇ, ಆ ಕೋಪ ಇವತ್ತಿಗೂ ಆರಿಲ್ಲ, ಕೋಪ ಬಿಟ್ಟರೆ ಜಗಳವಾಡುವುದಕ್ಕಾದರೂ ಇವರು ಎಲ್ಲಿ ಸಿಗುತ್ತಾರೆ.

ಹೋಗ್ತೀನಿ ಅನ್ನುತ್ತಾನೆ ಪಕ್ಕದ ಮೈಕಿನ ಹೊಸಬ, ಒಳ್ಳೆಯ ದನಿ, ಆಡಿಕೊಳ್ಳುವ ಹಾಗಿಲ್ಲ, ಆಮೆಯ ಬಾಯಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು, ಹೋ, ಗ್ತೀ, ನಿ, ಒಂದು ಕಡೆಯೂ ತುಟಿ ಕೂಡಬೇಕಾಗಿಲ್ಲ — ಅಯ್ಯೋ. ಇವರ ಬಾಯಿ ಎಡಕ್ಕೆ ಜೋತುಬಿದ್ದಿತ್ತಲ್ಲ, ನೀರು ಕುಡಿಸಿದರೆ ಸೋರುತ್ತಿತ್ತು, ನಾನೇ ಸೆರಗಿನಲ್ಲಿ ಒರೆಸುತ್ತಿದ್ದೆ, ತುಟಿಗೆ ತುಟಿ ಸೇರುತ್ತಿರಲಿಲ್ಲ, ಬ ಇರಲೇ ಇಲ್ಲ ಇವರ ಹತ್ತಿರ, ಜೀವಮಾನವಿಡೀ ಯಾರ್ಯಾರದೋ ಬಾಯಿ ನೋಡಿ ಮಾತು ಹೊಂದಿಸಿದವರು ತಮ್ಮ ಬಾಯಿಗೆ ಹೊಂದುವ ಮಾತು ಹುಡುಕಿಕೊಂಡರು, ನಾನು ಬಿಡ್ತು ಅನ್ನಿ ಅಂದೆ, ಬರ್ತೀನಿ ಅನ್ನಿ ಅಂದೆ, ಎರಡೂ ಬ — ಅಮ್ಮಾ, ನಿಮ್ಮ ಮಾತು, ಗಾಜಿನಾಚೆಯಿಂದ ನಿರ್ದೇಶಕ ಕೈಮಾಡುತ್ತಾನೆ, ಕೊಕ್ಕರೆ ಬೆನ್ನು ತಿರುಗಿಸಿ ನಿಂತಿದೆ, ಕೊಕ್ಕು ಕಾಣುವುದಿಲ್ಲ, ಏನು ಹೇಳಿದರೂ ಹೊಂದುತ್ತದೆ, ಹಾಳೆಯಲ್ಲಿ ಹೋಗು ಮಗು ಅಂತಿದೆ, ನನ್ನ ಬಾಯಿಂದ ಹೋಗಿ ಬನ್ನಿ ಅಂತ ಬಂತು. ಅಮ್ಮಾ, ಆಮೆಮರಿಗೆ ಬಹುವಚನಾನಾ, ನಗುತ್ತಾನೆ, ಹೊಸಬನೂ ನಗುತ್ತಾನೆ, ನಾನೂ ನಗುತ್ತೇನೆ, ಮೂಗು ಸೋರುತ್ತಿದೆ, ಇನ್ನೊಂದ್ಸಲ ತಗೊಳ್ಳೋಣ, ಚಿತ್ರ ಹಿಂದಕ್ಕೆ ಓಡಿತು, ಅಲೆ ಸರಿಯಿತು, ಬಂತು, ಆಮೆ ತಿರುಗಿತು, ಬಾಯಿ ತೆರೆಯಿತು, ಹೋಗಿ ಬನ್ನಿ ಅಂದೆ, ಆಮೆಯ ತುಟಿ ಕೂಡಲಿಲ್ಲ, ಹೋಗಿ ಬನ್ನೀಂದ್ರೆ, ಇವರ ತುಟಿ ಕೂಡಲಿಲ್ಲ